ಬಸಿ ತುಂಬ ಚಹಾ ಹಿಡಿದು ಕಾರು ಹತ್ತಿದ ಅಕ್ಕಾರು

ಲೀಟರಿಗೆ ಒಂಬೈನೂರು ರೂಪಾಯಿ. ನನ್ನ ಹಳೆಯ ಅಟೋಮ್ಯಾಟಿಕ್ ಕಾರಿನ ಗೇರ್ ಬಾಕ್ಸಿಗೆ ಹಾಕುವ ಕೆಂಪು ಎಣ್ಣೆಗೆ ಮೊನ್ನೆ ಬಾಗಲಕೋಟೆಯ ನವನಗರದಲ್ಲಿ ನಾನು ಕೊಟ್ಟ ಬೆಲೆ ಇದು. ಅದೇ ಅಂಗಡಿಯಲ್ಲಿ, ಅದೇ ಸಾಲಿನಲ್ಲಿ, ಇದರ ಅರ್ಧ ಬೆಲೆಯ ಇನ್ನೊಂದು ಡಬ್ಬಿ ಇತ್ತು. ಎಲ್ಲ ಕಾರಿಗೂ ಆಗುತ್ತದೆ ಎಂದು ಅದರ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು. ನಾನು ಅದನ್ನು ಮುಟ್ಟಲಿಲ್ಲ. ಒಂಬೈನೂರರದಕ್ಕೆ "ದರ ಸ್ವಲ್ಪ ನೋಡಿ ಹಚ್ರಿ" ಎಂದು ಕೂಡ ಅನ್ನಲಿಲ್ಲ. ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ. ಇಳಕಲ್ಲಿನ ಗ್ರಾನೈಟ್ ವ್ಯಾಪಾರದವರಲ್ಲಿ ನಾನು ಕೊತ್ತಂಬರಿ ಕಟ್ಟಿಗೂ ಚೌಕಾಶಿ ಮಾಡುವ ಮನುಷ್ಯ ಎಂದೇ ಹೆಸರಾದವನು.

ಮನೆಗೆ ಬಂದು ಡಬ್ಬಿಯ ಮುಚ್ಚಳ ತಿರುಗಿಸಿದೆ. ಸೀಮೆಎಣ್ಣೆಯ ದೂರದ ಸಂಬಂಧಿಯಂಥ, ತುಸು ಸಿಹಿ ಬೆರೆತ ಒಂದು ವಾಸನೆ ಬಂತು. ಎಂಜಿನ್ ಎಣ್ಣೆಗೆ ಆ ವಾಸನೆ ಇರುವುದಿಲ್ಲ, ಟ್ರ್ಯಾಕ್ಟರಿನ ಗೇರ್ ಎಣ್ಣೆಗಂತೂ ಇಲ್ಲವೇ ಇಲ್ಲ. ಆ ವಾಸನೆಯ ಹಿಂದೆಯೇ ಎಣ್ಣೆ ಅಂಗಡಿಯ ಅಕ್ಕಾರು ಬಂದು ನಿಂತರು... ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ, ಕೈಯಲ್ಲಿ ತುಳುಕುವಷ್ಟು ತುಂಬಿದ ಚಹಾದ ಬಸಿ.

ನಾನು ಅಟೋಮ್ಯಾಟಿಕ್ ಕಾರು ಇಟ್ಟುಕೊಂಡಿದ್ದು ಷೋಕಿಗಲ್ಲ. ಹರೆಯದಲ್ಲಿ ಲಾರಿಗೆ ಕಲ್ಲು ಏರಿಸುತ್ತಿದ್ದೆ. ಆಮೇಲೆ ಕಲ್ಲು ಮಾರುವವನಾದೆ. ಈ ಎರಡರ ನಡುವೆ ಒಂದು ಚಪ್ಪಡಿ ಜಾರಿ ನನ್ನ ಎಡ ಮೊಣಕಾಲಿನ ಮೇಲೆ ಬಂತು. ಕಾಲು ಉಳಿಯಿತು, ಆದರೆ ಮಡಚುವುದಿಲ್ಲ. ಕ್ಲಚ್ ತುಳಿಯುವ ಮಾತು ಅಲ್ಲಿಗೆ ಮುಗಿಯಿತು. ಡ್ರೈವರ್ ಇಟ್ಟುಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಇಟ್ಟಿದ್ದೆ. ಕಲ್ಲಿನ ವ್ಯಾಪಾರದಲ್ಲಿ ಡ್ರೈವರ್ ಎಂದರೆ ನಾಲ್ಕು ಗಾಲಿಯ ಮೇಲೆ ಓಡಾಡುವ ಡಂಗುರ. ನಾನು ಕ್ವಾರಿಯಲ್ಲಿ ಯಾವ ದರಕ್ಕೆ ಕಲ್ಲು ಎತ್ತಿದೆ ಎನ್ನುವುದು ನಾನು ಇಳಕಲ್ ಮುಟ್ಟುವುದರೊಳಗೆ ಹುನಗುಂದದ ಚಹಾದಂಗಡಿಯಲ್ಲಿ ಗೊತ್ತಾಗಿರುತ್ತಿತ್ತು. ನನ್ನ ವ್ಯಾಪಾರ ಉಳಿಯಬೇಕಾದರೆ ನಾನೇ ಓಡಿಸಿಕೊಂಡು ಹೋಗಬೇಕು, ನಾನೇ ಓಡಿಸಬೇಕಾದರೆ ಕ್ಲಚ್ ಇಲ್ಲದ ಗಾಡಿ ಬೇಕು. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ವಯಸ್ಸಾದ ಡಾಕ್ಟರೊಬ್ಬರು ಅಂಥದೊಂದನ್ನು ಮಾರುತ್ತಾರೆಂದು ತಿಳಿದು, ಅವರ ಮನೆಯ ಕಟ್ಟೆಯ ಮೇಲೆ ಒಂದಿಡೀ ಮುಂಜಾನೆ ಕುಳಿತು ಮಾತಾಡಿ, ಅವರು ಹೇಳಿದ್ದಕ್ಕಿಂತ ಬಹಳ ಕಡಿಮೆಗೆ ತಂದಿದ್ದೆ. ಆಗಲೇ ಹಳೆಯ ಗಾಡಿ. ಆದರೂ ಬೆಣ್ಣೆಯಂತೆ ಓಡುತ್ತಿತ್ತು.

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಚೊಳಚಗುಡ್ಡದಲ್ಲಿ ಒಂದು ಕಲ್ಯಾಣಮಂಟಪದ ನೆಲಕ್ಕೆ ಕಲ್ಲು ಕೊಡುವ ಮಾತು ನಡೆದಿತ್ತು. ಹೇಗೂ ಬಾದಾಮಿ ಕಡೆಗೆ ಹೊರಟಿದ್ದೇನೆ, ಮಹಾಕೂಟಕ್ಕೂ ಹೋಗಿ ಬರೋಣ ಎಂದು ನಮ್ಮ ಮನೆಯವಳೂ ಜೊತೆಗೆ ಬಂದಿದ್ದಳು. ಮಹಾಕೂಟದ ಹಾದಿಯ ಏರಿನಲ್ಲಿ ಕಾರು ಕೈಕೊಟ್ಟಿತು. ಎಂಜಿನ್ ಕೂಗುತ್ತದೆ, ಗಾಡಿ ಏರುವುದಿಲ್ಲ. ಕಾಲು ಒತ್ತಿದಷ್ಟೂ ಕೂಗು ಹೆಚ್ಚು, ಓಟ ಕಡಿಮೆ. ಹಿಂದೆ ಬಂದ ಟಂಟಂ ಗಾಡಿಯವನು ಹಾರ್ನ್ ಹೊಡೆದು, ನಮ್ಮನ್ನು ದಾಟಿ ಹೋಗುವಾಗ ಹೊರಗೆ ಬಗ್ಗಿ ನಕ್ಕ.

"ಚೌಕಾಶಿ ಮಾಡಿ ತಂದ ಗಾಡಿ ಅಲ್ಲೇನ್ರಿ, ಅದೂ ಚೌಕಾಶಿ ಕಲತೈತಿ," ಎಂದಳು ನಮ್ಮ ಮನೆಯವಳು. "ಅರ್ಧಾ ಗುಡ್ಡಕ್ಕ ಬಿಡ್ರಿ, ಪೂರಾ ಏರಂಗಿಲ್ಲ ಅನ್ನಾಕತ್ತೈತಿ ನೋಡ್ರಿ."

ಅವಳು ನಕ್ಕಳು, ನಾನು ನಗಲಿಲ್ಲ. ಹಿಮ್ಮುಖವಾಗಿ ಇಳಿಸಿ, ಮೆಲ್ಲಗೆ ಹುನಗುಂದದ ತನಕ ತಂದು, ಬಲ್ಲ ಮಿಸ್ತ್ರಿಗೆ ತೋರಿಸಿದೆ. ಅವನು ಟ್ರ್ಯಾಕ್ಟರಿನಲ್ಲಿ ಪಳಗಿದ ಕೈ. ನಮ್ಮ ಸೀಮೆಯಲ್ಲಿ ಹಳೆಯ ಟ್ರ್ಯಾಕ್ಟರಿಗೆ ಒಂದು ಮದ್ದಿದೆ: ಸವೆದಷ್ಟೂ ದಪ್ಪ ಎಣ್ಣೆ ಹಾಕುವುದು. ಸವೆದ ಜಾಗವನ್ನು ದಪ್ಪ ಎಣ್ಣೆ ತುಂಬುತ್ತದೆ, ಗದ್ದಲ ಕಡಿಮೆಯಾಗುತ್ತದೆ. ಅವನು ನನ್ನ ಕಾರಿಗೂ ಅದನ್ನೇ ಹೇಳಿದ.

"ಗಾಡಿ ಮುದುಕ ಆಗೈತ್ರಿ. ತೆಳ್ಳನ್ನ ಎಣ್ಣಿ ಇದಕ್ಕ ಸಾಲಂಗಿಲ್ಲ. ಬಾಗಲಕೋಟಿಗೆ ಹೋಗ್ರಿ, ಅಲ್ಲೆ ಒಬ್ರು ಅಕ್ಕಾರದು ಎಣ್ಣಿ ಅಂಗಡಿ ಐತಿ. ದಪ್ಪಂದು ತರ್ರಿ, ಹಾಕಿ ಕೊಡ್ತೇನಿ."

ನನಗೂ ಸರಿ ಎನಿಸಿತು. ಕಲ್ಲು ಕೊಯ್ಯುವ ನಮ್ಮ ಯಂತ್ರಗಳಿಗೂ ಹಾಗೆಯೇ ಮಾಡುತ್ತೇವೆ.

ಅಕ್ಕಾರ ಅಂಗಡಿ ಲಾರಿಗಳು ನಿಲ್ಲುವ ರಸ್ತೆಯಲ್ಲಿತ್ತು. ಎತ್ತರದ ಕಟ್ಟೆ, ಅದರ ಮೇಲೆ ಕಬ್ಬಿಣದ ಕುರ್ಚಿ, ಕುರ್ಚಿಯ ತುಂಬ ಅವರು. ಹಿಂದೆ ಗೋಡೆಯ ತುಂಬ ಡಬ್ಬಿಗಳು. ಲಾರಿ ಮಾಲೀಕರೆಲ್ಲ ಅವರೆದುರು ನಿಂತೇ ಮಾತಾಡುತ್ತಿದ್ದರು. ಅವರ ದನಿ ಹೇಗಿತ್ತೆಂದರೆ ರಸ್ತೆಯ ಆಚೆ ಬದಿಯ ಚಹಾದಂಗಡಿಗೆ ಅವರು ಫೋನ್ ಮಾಡಿದ್ದನ್ನು ನಾನು ಎಂದೂ ನೋಡಲಿಲ್ಲ.

ನಾನು ವ್ಯಾಪಾರಕ್ಕೆ ತಯಾರಾಗಿಯೇ ಹೋಗಿದ್ದೆ. ದಪ್ಪ ಗೇರ್ ಎಣ್ಣೆ ಬೇಕು, ಒಂದು ಪೆಟ್ಟಿಗೆ ಪೂರ್ತಿ ಒಯ್ಯುತ್ತೇನೆ, ಕ್ವಾರಿಯ ಯಂತ್ರಗಳಿಗೂ ಇಲ್ಲಿಂದಲೇ ಒಯ್ಯುತ್ತೇನೆ, ದರ ಹೇಳಿ ಎಂದೆ. ದೊಡ್ಡ ಗಿರಾಕಿ ಎಂದು ಕಂಡರೆ ಯಾವ ಅಂಗಡಿಯವನ ಮುಖವಾದರೂ ಅರಳುತ್ತದೆ. ಅಕ್ಕಾರ ಮುಖ ಅರಳಲಿಲ್ಲ.

"ಯಾವ ಗಾಡಿಗ್ರಿ?"

ಹೇಳಿದೆ.

"ಅದು ಅಟೋಮ್ಯಾಟಿಕ್ ಅಲ್ಲೇನ್ರಿ? ಅದಕ್ಕ ಇದನ್ನ ಹಾಕಬೇಕಂತ ಯಾರು ಹೇಳಿದ್ರು ನಿಮಗ?"

ಮಿಸ್ತ್ರಿ ಹೇಳಿದ್ದನ್ನು ಹೇಳಿದೆ. ಅವರು ಕುರ್ಚಿಯಲ್ಲಿ ಹಿಂದಕ್ಕೆ ವಾಲಿದರು. "ನಾ ಕೊಡಂಗಿಲ್ಲ."

ಇದು ದರ ಏರಿಸುವ ಆಟ ಇರಬೇಕೆಂದುಕೊಂಡೆ. ಅಂಥ ಆಟಕ್ಕೆ ನನ್ನ ಹತ್ತಿರ ಒಂದೇ ಉತ್ತರ. ಬೆನ್ನು ತಿರುಗಿಸಿ ಹೊರಡುವುದು. ಎರಡನೆಯ ಮೆಟ್ಟಿಲಿಗೆ ಬರುವುದರೊಳಗೆ ಹಿಂದಿನಿಂದ ಕರೆ ಬರುತ್ತದೆ, ಬಂದೇ ಬರುತ್ತದೆ. ಇಳಕಲ್, ಹುನಗುಂದ, ಹುಬ್ಬಳ್ಳಿ ಎಲ್ಲ ಕಡೆಯೂ ಬಂದಿದೆ. ಆ ದಿನವೂ ಬಂತು.

"ಸಾವ್ಕಾರ್ರ..."

ನಾನು ಗೆದ್ದೆನೆಂದು ತಿರುಗಿದೆ.

"ಕೆಳಗಿನ ಪಾವಟಿಗಿ ಅಲಗಾಡತೈತಿ. ಕಾಲ ಜ್ವಾಕಿ."

ಎದುರಿಗಿದ್ದ ಲಾರಿಯವರು ಬಿದ್ದು ಬಿದ್ದು ನಕ್ಕರು. ನಾನು ಆ ಅಲುಗಾಡುವ ಮೆಟ್ಟಿಲ ಮೇಲೇ ನಿಂತೆ. ಮಾರುವವರು ಮಾರಲು ಒಲ್ಲೆ ಎನ್ನುವುದನ್ನು ನನ್ನ ವ್ಯಾಪಾರದ ಬದುಕಿನಲ್ಲಿ ಅಲ್ಲಿಯವರೆಗೆ ಕಂಡಿರಲಿಲ್ಲ. ಮತ್ತೆ ಮೇಲೆ ಹತ್ತಿ, ನನ್ನ ಕಾಲಿನ ಕಥೆ, ಡ್ರೈವರಿನ ಕಥೆ ಎಲ್ಲ ಹೇಳಿದೆ. ಈ ಗಾಡಿ ಹೋದರೆ ಇನ್ನೊಂದು ಇಂಥದ್ದು ಈ ಭಾಗದಲ್ಲಿ ಸಿಗುವುದಿಲ್ಲ, ಹೊಸದಕ್ಕೆ ನನ್ನ ಶಕ್ತಿ ಇಲ್ಲ, ನಾನು ಮನೆ ಹಿಡಿದಂತೆಯೇ ಎಂದೆ. ಅಕ್ಕಾರು ಪೂರ್ತಿ ಕೇಳಿದರು. ಆಮೇಲೆ ಕಟ್ಟೆ ಇಳಿದು ನನ್ನ ಕಾರಿನ ಹತ್ತಿರ ಬಂದರು.

ಎಂಜಿನ್ ಚಾಲೂ ಇಡಿಸಿದರು. ಬ್ರೇಕ್ ಹಿಡಿದುಕೊಂಡೇ ಗೇರಿನ ಹಿಡಿಯನ್ನು ಒಂದೊಂದು ಜಾಗದಲ್ಲಿ ತುಸು ನಿಲ್ಲಿಸಿ, ಮರಳಿ ಪಾರ್ಕಿಂಗಿಗೆ ತರಿಸಿದರು. ಗಾಡಿ ಬಿಸಿ ಇದ್ದಾಗ, ಎಂಜಿನ್ ಓಡುತ್ತಿದ್ದಾಗಲೇ ಈ ಎಣ್ಣೆಯ ಮಟ್ಟ ನೋಡಬೇಕು ಎನ್ನುವುದೇ ನನಗೆ ಗೊತ್ತಿರಲಿಲ್ಲ. ಎಣ್ಣೆಯ ಕಡ್ಡಿ ಹಿರಿದು, ಒಂದು ಬಿಳಿಯ ಧೋತರದ ತುಂಡಿಗೆ ಒತ್ತಿದರು. ಬಹಳ ಹೊತ್ತು ಕುದಿದ ಚಹಾದಂಥ ಬಣ್ಣ. ಮೂಗಿಗೆ ಹಿಡಿದರು, ಬೆರಳಲ್ಲಿ ತಿಕ್ಕಿದರು.

"ಸುಟ್ಟಿಲ್ಲ. ಬಾಡೈತಿ ಅಷ್ಟ. ಮತ್ತ ಕಮ್ಮೀನೂ ಐತಿ, ಎಲ್ಲೋ ಜಿನುಗಾಕತ್ತೈತಿ. ಕರ್ರಗಾಗಿ ಸುಟ್ಟ ನಾತ ಹೊಡದಿದ್ರ ಗೇರ್ ಬಾಕ್ಸ್ ಬಿಚ್ಚಿ ನೋಡ್ಲಿ ಅಂತ ನಾನ ನಿಮ್ಮನ್ನ ಹುಬ್ಬಳ್ಳಿಗೆ ಅಟ್ಟತಿದ್ದೆ."

ಆಮೇಲೆ ರಸ್ತೆಯ ಆಚೆಗೆ ಒಂದು ಕೂಗು ಹಾಕಿದರು. ಕಪ್ಪು-ಬಸಿಯಲ್ಲಿ ಚಹಾ ಬಂತು. ಕಪ್ಪಿನ ಚಹಾವನ್ನೆಲ್ಲ ಬಸಿಗೆ ಸುರಿದುಕೊಂಡರು, ಅಂಚಿನ ತನಕ. ಕಪ್ಪನ್ನು ಕಟ್ಟೆಯ ಮೇಲಿಟ್ಟು, ಬಸಿ ಹಿಡಿದು ಮುಂದಿನ ಸೀಟಿನಲ್ಲಿ ಕುಳಿತರು. ತೊಡೆಯ ಮೇಲೆ ಒಂದು ಟವೆಲ್ ಹಾಸಿಕೊಂಡರು.

"ನಡೀರಿ. ವಿದ್ಯಾಗಿರಿ ಕಡೆ. ಗುಂಡಿ ಬಂದ್ರ ಮೊದಲ ಹೇಳ್ರಿ, ಗುಂಡಿ ಲೆಕ್ಕ ಗೇರ್ ಮ್ಯಾಲ ಹಾಕೂದಿಲ್ಲ ನಾ."

ನನಗೆ ಇದು ತಮಾಷೆ ಎನಿಸಿತ್ತು. ಆದರೆ ಅವರು ರಸ್ತೆ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಕಣ್ಣು ಬಸಿಯ ಮೇಲೆ ಮಾತ್ರ. ಒಂದರಿಂದ ಎರಡನೆಯ ಗೇರಿಗೆ ಹೋದಾಗ ಚಹಾ ನಡುಗಿತು. ಎರಡರಿಂದ ಮೂರಕ್ಕೆ ಹೋಗುವಾಗ ಒಂದು ಕ್ಷಣ ಏನೂ ಇಲ್ಲ, ಆಮೇಲೆ ಒಮ್ಮೆಲೆ ಟವೆಲಿನ ಮೇಲೆ ಚೆಲ್ಲಿತು. ಕಾರು ತಿರುಗಿಸಿ ಮತ್ತೊಮ್ಮೆ ಓಡಿಸಲು ಹೇಳಿದರು. ಮತ್ತೆ ಅಲ್ಲಿಯೇ ಚೆಲ್ಲಿತು.

"ಎರಡರಿಂದ ಮೂರಕ್ಕ ಹೋಗುಮುಂದ ಎಂಜಿನ್ ಒದರತೈತಿ, ಗಾಡಿ ಕೇಳಿಸ್ಕೊಳ್ಳಂಗಿಲ್ಲ. ಆಮ್ಯಾಲ ಸಿಟ್ಟಿಗೆದ್ದು ಒದಿತೈತಿ. ಹೌದಲ್ರಿ?"

ಹೌದು. ನಾನು ಇಷ್ಟು ದಿನ ಆ ಕಾರಿನಲ್ಲಿ ಕುಳಿತು ಮಾತಿನಲ್ಲಿ ಹೇಳಲಾರದೆ ಇದ್ದುದನ್ನು ಅವರು ಅರ್ಧ ಬಸಿ ಚಹಾದಲ್ಲಿ ಓದಿ ಹೇಳಿದ್ದರು. ಅವರಿಗೆ ಸ್ಟಿಯರಿಂಗ್ ಹಿಡಿಯಲು ಬರುತ್ತಿರಲಿಲ್ಲ ಎನ್ನುವುದು ಆಮೇಲೆ ಗೊತ್ತಾಯಿತು.

ಅಂಗಡಿಗೆ ಮರಳಿ ಎಣ್ಣೆಯ ಕಡ್ಡಿಯ ಹಿಡಿಯನ್ನು ಟವೆಲಿನಿಂದ ಒರೆಸಿ ನನ್ನ ಕಣ್ಣಿಗೆ ಹಿಡಿದರು. ಅದರ ಮೇಲೆ ಇಂಗ್ಲಿಷಿನ ಒಂದು ಹೆಸರು, ಪಕ್ಕದಲ್ಲಿ ರೋಮನ್ ಅಂಕಿಯ ಮೂರು ಗೀಟು ಕೊರೆದಿತ್ತು. ಕಾರು ಮಾಡಿದವರೇ ಯಾವ ಎಣ್ಣೆ ಎಂದು ಅಲ್ಲಿ ಬರೆದಿಟ್ಟಿದ್ದರು. "ಮೂರು ಗೀಟಿಂದು ಬೇಕು ಇದಕ್ಕ," ಎಂದರು. ಒಂದು ಗೇರಿನಿಂದ ಇನ್ನೊಂದಕ್ಕೆ ಹೋಗುವಾಗ ಒಳಗಿನ ಬಿಲ್ಲೆಗಳು ಎಷ್ಟು ಜಾರಬೇಕು, ಯಾವಾಗ ಕಚ್ಚಬೇಕು ಎಂಬುದನ್ನು ಈ ಎಣ್ಣೆಯೇ ತೀರ್ಮಾನಿಸುತ್ತದೆ. ಟ್ರ್ಯಾಕ್ಟರಿನ ಗೇರಿನಲ್ಲಿ ಎಣ್ಣೆ ಸುಮ್ಮನೆ ಆಳು, ಇಲ್ಲಿ ಎಣ್ಣೆಯೇ ಯಜಮಾನ. ದಪ್ಪ ಎಣ್ಣೆ ಸಣ್ಣ ಸಣ್ಣ ದಾರಿಗಳಲ್ಲಿ ಹರಿಯಲಾರದೆ ಇಡೀ ಗೇರ್ ಪೆಟ್ಟಿಗೆಯನ್ನೇ ತಿಂದು ಹಾಕುತ್ತದೆ.

ಸರಿ, ಮೂರು ಗೀಟಿನದು ಕೊಡಿ ಎಂದೆ. ಅವರಲ್ಲಿ ಇರಲಿಲ್ಲ. ಗೋಡೆಯ ಮೇಲೆ ಕೆಂಪು ಎಣ್ಣೆಯ ಬೇರೆ ಡಬ್ಬಿಗಳಿದ್ದವು. ಎಲ್ಲ ಕಾರಿಗೂ ಆಗುತ್ತದೆ ಎನ್ನುವ ಡಬ್ಬಿಯೂ ಇತ್ತು. ಅದನ್ನೇ ಕೊಡಿ, ಬಣ್ಣ ಒಂದೇ ಇದೆಯಲ್ಲ ಎಂದೆ.

"ಬಣ್ಣ ನೋಡಿ ಖಾರಪುಡಿ ತಗೋತಾರನ್ರಿ? ಎಲ್ಲಾರಿಗೂ ಆಗೂ ಚಪ್ಪಲಿ ಯಾರ ಕಾಲಿಗೂ ಪೂರಾ ಕೂಡಂಗಿಲ್ಲ. ಹೊಸಾ ಗಾಡಿ ಆಗಿದ್ರ ತಡಕೊಂತಿತ್ತೇನೋ, ಈ ಹಳೇದ್ರ ಮ್ಯಾಲ ನಾ ಪ್ರಯೋಗ ಮಾಡಂಗಿಲ್ಲ. ಹುಬ್ಬಳ್ಳಿಯಿಂದ ತರಸ್ತೇನಿ. ಅಲ್ಲೀತನಕ ಗಾಡಿ ಇಲ್ಲೇ ಬಿಡ್ರಿ."

"ಇವತ್ತಿನ ವ್ಯಾಪಾರ ಹೋಗತೈತಲ್ರಿ ಅಕ್ಕಾರ ನಿಮಗ?"

"ವ್ಯಾಪಾರ ಹೋದ್ರ ನಾಳೆ ಬರತೈತಿ. ನಿಮ್ಮ ಗಾಡಿ ಹೋದ್ರ ನೀವು ಬರ್ತೀರೇನು?"

ನಾನು ಬಸ್ಸಿನಲ್ಲಿ ಇಳಕಲ್ಲಿಗೆ ಹೋದೆ. ಮಡಚದ ಕಾಲನ್ನು ನಡುದಾರಿಗೆ ಚಾಚಿಕೊಂಡು, ಹತ್ತುವವರು ಇಳಿಯುವವರೆಲ್ಲ ಅದನ್ನು ದಾಟುತ್ತ... ಹುನಗುಂದ ಬರುವುದರೊಳಗೆ ನನಗೆ ಒಂದು ವಿಷಯ ಖಚಿತವಾಯಿತು. ಆ ಕಾರು ಹೋದರೆ ನನ್ನ ಮುಂದಿನ ಬದುಕು ಹೀಗೆಯೇ. ಎಣ್ಣೆ ಬರುವ ತನಕ ಕಾಯ್ದೆ. ಚೊಳಚಗುಡ್ಡದವರು ಫೋನ್ ಮಾಡಿದಾಗಲೆಲ್ಲ ಮೈ ಸರಿಯಿಲ್ಲ ಎಂದೆ. ಯಾರ ಮೈ ಎಂದು ಅವರು ಕೇಳಲಿಲ್ಲ.

ಎಣ್ಣೆ ಬಂತು. ಅಕ್ಕಾರು ಮೊದಲು ಜಿನುಗುವ ಜಾಗ ಹುಡುಕಿಸಿ ಒಂದು ಸೀಲ್ ಬದಲಿಸಿದರು. ಎಣ್ಣೆಯನ್ನು ತಳದಿಂದ ತಾನಾಗಿ ಇಳಿಯುವಷ್ಟು ಮಾತ್ರ ಇಳಿಸಲು ಹೇಳಿದರು. ಪೂರ್ತಿ ತೊಳೆದು ಹೊಸದು ತುಂಬಿಸಿ ಎಂದು ನಾನು ಅವಸರ ಮಾಡಿದೆ.

"ಭಾಳ ದಿನ ಉಪವಾಸ ಇದ್ದವರಿಗೆ ಒಮ್ಮಿಗೇ ಹೋಳಿಗಿ ತಿನಸ್ತಾರೇನ್ರಿ? ಮೊದಲ ಗಂಜಿ. ಅರ್ಧಾ ಈಗ, ಒಂದೀಟು ದಿನ ಓಡಸ್ರಿ, ಆಮ್ಯಾಲ ಮತ್ತರ್ಧಾ."

ಇಳಿದ ಎಣ್ಣೆಯನ್ನು ಅಳೆದು ಬರೋಬ್ಬರಿ ಅಷ್ಟನ್ನೇ ಹಾಕಿದರು. ಕಮ್ಮಿ ಇದ್ದುದನ್ನು ಗಾಡಿ ಬಿಸಿಯಾದ ಮೇಲೆ ಕಡ್ಡಿ ನೋಡುತ್ತ ತುಸು ತುಸುವೇ ತುಂಬಿದರು. ಹೆಚ್ಚಾದರೂ ಕೇಡು, ನೊರೆ ಬರುತ್ತದೆ ಎಂದರು. ನಾನು ಚೊಳಚಗುಡ್ಡಕ್ಕೆ ಎರಡು ಸಲ ಹೋಗಿ ಬಂದೆ, ಕಲ್ಲಿನ ಮಾತು ಕುದುರಿತು. ಮತ್ತೆ ಬಾಗಲಕೋಟೆಗೆ ಹೋಗಿ ಉಳಿದರ್ಧ ಹಾಕಿಸಿದೆ. ಆಗ ಅಕ್ಕಾರು ತಾವೇ ಕೇಳಿದರು. "ಯಾವ ಏರಿನ್ಯಾಗ ನಿಂತಿತ್ರಿ ಇದು? ನಡೀರಿ, ಅಲ್ಲೇ ನೋಡೂಣು. ನನಗೂ ಮಹಾಕೂಟಕ್ಕ ಹೋಗದ ಭಾಳ ದಿನ ಆತು."

ಬಾದಾಮಿಯಲ್ಲಿ ಕಾರು ನಿಲ್ಲಿಸಿ, ಚಹಾದಂಗಡಿಯವನ ಹತ್ತಿರ ಬಸಿ ಸಮೇತ ಚಹಾ ತೆಗೆದುಕೊಂಡರು. "ಬಸಿ ವಾಪಸ್ ಕೊಡ್ತೇನೋ ತಮ್ಮಾ, ಮಹಾಕೂಟದ ತನಕ ಹೋಗಿ ಬರತೈತಿ ಅಷ್ಟ, ಅದಕ್ಕೂ ಪುಣ್ಯ ಬರಲಿ," ಎಂದರು. ಅವನು ಬಾಯಿ ತೆರೆದು ನೋಡುತ್ತ ನಿಂತ.

ಏರು ಶುರುವಾಯಿತು. ನಾನು ರಸ್ತೆ ನೋಡಬೇಕು, ಆದರೆ ಕಣ್ಣು ಬಸಿಯ ಕಡೆಗೆ ಓಡುತ್ತದೆ. "ಮುಂದ ನೋಡ್ರಿ," ಎಂದು ಗದರಿದರು. ಗೇರು ಬದಲಾದದ್ದು ಎಂಜಿನ್ನಿನ ಸದ್ದು ಇಳಿದಾಗ ಮಾತ್ರ ಗೊತ್ತಾಯಿತು, ಮೈಗೆ ಗೊತ್ತಾಗಲಿಲ್ಲ. ಹಿಂದಿನ ಸಲ ನಿಂತಿದ್ದ ತಿರುವು ಬಂತು, ಹೋಯಿತು. ಏರು ಮುಗಿದ ಮೇಲೆ ಓರೆಗಣ್ಣಿನಲ್ಲಿ ನೋಡಿದೆ. ಚಹಾ ಅಂಚಿನ ತನಕ ಹಾಗೆಯೇ ಇತ್ತು, ಕೆರೆಯ ನೀರಿನಂತೆ. ಟವೆಲ್ ಒಣಗಿತ್ತು. ಅಕ್ಕಾರು ಬಸಿಯನ್ನು ತುಟಿಗೆ ಎತ್ತಿ ಸುರ್ರೆಂದು ಕುಡಿದು, "ಆರೈತಿ," ಎಂದು ಮುಖ ಕಿವುಚಿದರು. ಅಷ್ಟೇ. ನಾನು ಕಾರು ಬದಿಗೆ ನಿಲ್ಲಿಸಿದೆ. ದೊಡ್ಡ ಗುಡಿಯ ಮುಂದೆ ನಿಂತಾಗ ತಲೆ ತಾನಾಗಿ ಮೇಲೆ ಹೋಗುತ್ತದಲ್ಲ, ಅಂಥದೊಂದು ಭಾವ ಪಕ್ಕದ ಸೀಟಿನಲ್ಲಿ ಕುಳಿತ ಮನುಷ್ಯರ ಬಗ್ಗೆ ನನಗೆ ಬಂದದ್ದು ಅದೊಂದೇ ಸಲ.

ಮಹಾಕೂಟದಿಂದ ಇಳಿದು ಬರುವಾಗ ಕೇಳಿದೆ, "ಇದನ್ನೆಲ್ಲ ನಿಮಗ ಯಾರು ಕಲಿಸಿದ್ರು ಅಕ್ಕಾರ?"

"ಜಗಳಕ್ಕ ಬಂದವ್ರು ಕಲಿಸಿದ್ರು," ಎಂದರು. ಗಂಡ ತೀರಿಕೊಂಡ ಮೇಲೆ ಅಂಗಡಿಯಲ್ಲಿ ಕುಳಿತ ಹೊಸದರಲ್ಲಿ ಅವರಿಗೆ ಯಾವ ಎಣ್ಣೆ ಯಾವುದಕ್ಕೆ ಎಂದು ಗೊತ್ತಿರಲಿಲ್ಲ. ಕೇಳಿದ್ದನ್ನು ಕೊಡುತ್ತಿದ್ದರು. ಕೆಲವರು ಗಾಡಿ ಕೆಟ್ಟಿತೆಂದು ಬೈಯುತ್ತ ಬರುತ್ತಿದ್ದರು. ಬೇರೆ ಅಂಗಡಿಯವರಾದರೆ ಓಡಿಸುತ್ತಿದ್ದರು. ಇವರು ಕುರ್ಚಿ ಹಾಕಿ, ಚಹಾ ತರಿಸಿ, ಏನಾಯಿತು ಪೂರ್ತಿ ಹೇಳಿ ಎನ್ನುತ್ತಿದ್ದರು. ಹಾಗೆ ಬೈಯುತ್ತ ಬಂದ ಒಬ್ಬ ಗಿರಾಕಿಯ ಅಟೋಮ್ಯಾಟಿಕ್ ಕಾರಿನಲ್ಲಿ, ಕುಡಿಯುತ್ತಿದ್ದ ಬಸಿಯನ್ನು ಬಿಡದೆ ಹತ್ತಿ ಕುಳಿತದ್ದೇ ಮೊದಲು. ಚಹಾ ಸೀರೆಯ ಮೇಲೆ ಚೆಲ್ಲಿದಾಗ ಅವರಿಗೆ ಸಿಟ್ಟು ಬರುವ ಬದಲು ಬೆಳಕು ಕಂಡಿತ್ತು.

ನಾನು ವರ್ಷಗಟ್ಟಲೆ ವ್ಯಾಪಾರ ಮಾಡಿದವನು. ಬೈಗುಳವನ್ನು ಸರಕಿನಂತೆ ಕೂಡಿಡಬಹುದು ಎಂದು ನನಗೆ ಹೊಳೆದಿರಲಿಲ್ಲ.

ಆಮೇಲೆ ಹಲವು ಸಲ ಅಲ್ಲಿಗೆ ಹೋದೆ. ಪ್ರತಿ ಸಲವೂ ಮೂರು ಗೀಟಿನದನ್ನೇ ತರಿಸಿಟ್ಟಿರುತ್ತಿದ್ದರು. ಕೊನೆಯ ಸಲ ಕುರ್ಚಿಯಲ್ಲಿ ಅವರು ಅರ್ಧದಷ್ಟೇ ಇದ್ದರು. ಬೆನ್ನಿಗೆ ದಿಂಬು. "ದವಾಖಾನಿಯವ್ರು ಭಾಳ ಕಾಡಾಕತ್ಯಾರ್ರಿ," ಎಂದರು, ಬೇರೆ ಯಾರದೋ ವಿಷಯದಂತೆ. ಆಮೇಲೆ ಹೋದಾಗ ಅಲ್ಲಿ ಮೊಬೈಲ್ ಕವರುಗಳು ತೂಗಾಡುತ್ತಿದ್ದವು. ಪಕ್ಕದವರನ್ನು ಕೇಳಿದೆ. ಹೇಳಿದರು... ನಾನು ಅಲ್ಲಿಯೇ ಕಟ್ಟೆಯ ಮೇಲೆ ಕುಳಿತು, ಏನೂ ಬೇಡದಿದ್ದರೂ ಒಂದು ಕವರ್ ಕೊಂಡು ಬಂದೆ.

ಕಾರು ಇನ್ನೂ ಇದೆ. ನಾನು ಇನ್ನೂ ಕ್ವಾರಿಗೆ ಒಬ್ಬನೇ ಹೋಗುತ್ತೇನೆ, ನನ್ನ ದರ ನನ್ನ ಹೊಟ್ಟೆಯಲ್ಲಿಯೇ ಇರುತ್ತದೆ. ಆದರೆ ಇತ್ತೀಚೆಗೆ ಮೂರರಿಂದ ನಾಲ್ಕಕ್ಕೆ ಹೋಗುವಾಗ ಒಂದು ಸಣ್ಣ ಅದುರು ಬರುತ್ತಿದೆ. ಎಣ್ಣೆಯ ವಯಸ್ಸೋ, ಪೆಟ್ಟಿಗೆಯ ವಯಸ್ಸೋ, ಕೇಳಲು ಯಾರೂ ಇಲ್ಲ. ಮೊನ್ನೆ ನವನಗರದ ಅಂಗಡಿಯ ಹುಡುಗ ಒಳ್ಳೆಯವನೇ. ನಾನು ಹೇಳಿದ ಡಬ್ಬಿ ಕೊಟ್ಟ. ಯಾವ ಗಾಡಿಗೆ ಎಂದು ಮಾತ್ರ ಕೇಳಲಿಲ್ಲ.

ಹಳೆಯ ಅಟೋಮ್ಯಾಟಿಕ್ ಇಟ್ಟುಕೊಂಡವರಿಗೆ ನನ್ನ ಮಾತು ಇಷ್ಟು. ಯಾವ ಎಣ್ಣೆ ಎನ್ನುವುದನ್ನು ಮಿಸ್ತ್ರಿಯ ಬಾಯಿಂದ ಅಲ್ಲ, ಗಾಡಿಯ ಪುಸ್ತಕದಿಂದ ಅಥವಾ ಎಣ್ಣೆಯ ಕಡ್ಡಿಯಿಂದ ಓದಿಕೊಳ್ಳಿ. ಅಲ್ಲಿರುವ ಹೆಸರೇ ಡಬ್ಬಿಯ ಮೇಲೂ ಇರಬೇಕು. ಅದು ಈಗ ಸಿಗದಿದ್ದರೆ ಅದರ ಜಾಗಕ್ಕೆ ಯಾವುದು ಬಂದಿದೆ ಎಂದು ಆ ಕಾರಿನ ಕಂಪನಿಯವರನ್ನೇ ಕೇಳಿ. ಬಣ್ಣ ನಂಬಬೇಡಿ, ದಪ್ಪ ನಂಬಬೇಡಿ. ಬೆಲ್ಟಿನ ಮೇಲೆ ಓಡುವ ಹೊಸ ಮಾದರಿಯ ಅಟೋಮ್ಯಾಟಿಕ್ಕಿನ ಎಣ್ಣೆ ಬೇರೆ, ಅದನ್ನು ಇದಕ್ಕೆ ಸುರಿಯಬೇಡಿ. ಸುಟ್ಟ ವಾಸನೆ ಬಂದರೆ ಎಣ್ಣೆ ಬದಲಿಸುವ ಮೊದಲು ಗೇರ್ ಪೆಟ್ಟಿಗೆಯನ್ನು ಬಲ್ಲವರಿಗೆ ತೋರಿಸಿ. ಚೌಕಾಶಿ ಮಾಡಬೇಕೆನಿಸಿದರೆ ಕೂಲಿಯ ಮೇಲೆ ಮಾಡಿ, ಎಣ್ಣೆಯ ಮೇಲೆ ಬೇಡ.

ಇನ್ನೊಂದು. ಎಣ್ಣೆ ಹಾಕಿಸಿದ ಮೇಲೆ ಗಾಡಿ ಹೇಗೆ ಓಡಿತು ಎನ್ನುವುದನ್ನು ಆ ಅಂಗಡಿಗೇ ಮರಳಿ ಹೋಗಿ ಹೇಳಿ. ಚೆನ್ನಾಗಿದ್ದರೂ ಹೇಳಿ, ಕೆಟ್ಟಿದ್ದರೆ ಕೂಗಾಡಿಯಾದರೂ ಹೇಳಿ. ಸುಮ್ಮನೆ ಬೇರೆ ಅಂಗಡಿಗೆ ಮಾತ್ರ ಹೋಗಬೇಡಿ. ಕುರ್ಚಿಯಲ್ಲಿ ಕುಳಿತ ಹುಡುಗ ಅಕ್ಕಾರಾಗಬೇಕಾದರೆ ಯಾರಾದರೂ ಹೋಗಿ ಅವನೊಡನೆ ಜಗಳ ಆಡಬೇಕು. ಸೋಮವಾರ ನಾನು ನವನಗರಕ್ಕೆ ಹೋಗುವವನಿದ್ದೇನೆ.